ಎರಡು ಸೆಕೆಂಡು

ಬೆಂಗಳೂರಿನ ಪ್ರಶ್ನೆ ಆಕಾಶಕ್ಕೆ ಹತ್ತಿ
ಅಲ್ಲಿಂದ ಹಾಸನಕ್ಕೆ ಇಳಿಯಲು
ಎರಡು ಸೆಕೆಂಡು ಬೇಕು.
ಅಷ್ಟು ಹೊತ್ತು ನಾನು ಟೀವಿಯಲ್ಲಿ
ಸುಮ್ಮನೆ ನಿಂತಿರುತ್ತೇನೆ, ನೀವು ನೋಡಿದ್ದೀರಿ,
ಕಿವಿಗೆ ಬೆರಳೊತ್ತಿಕೊಂಡು,
ಬಸ್ಸು ತಪ್ಪಿದವಳ ಹಾಗೆ.

ಹೆಸರು ಸರ್ವಮಂಗಳ. ಇಟ್ಟವಳು ಅಜ್ಜಿ.
'ಸರ್ವಮಂಗಳಾ, ಸತ್ತವರ ಸಂಖ್ಯೆ ಏರಿದೆಯಾ?'
ಎಂದು ಆಂಕರು ಕೇಳಿದ ದಿನ
ಇಲಿಯಾಸ್ ಕ್ಯಾಮೆರಾದ ಹಿಂದೆ ತುಟಿ ಕಚ್ಚಿ ನಕ್ಕಿದ್ದ.
ಆಮೇಲೆ ಟೀ ಅಂಗಡಿಯಲ್ಲಿ ತಪ್ಪಾಯ್ತಕ್ಕ ಅಂದ.
ಅನ್ನಬೇಕಿರಲಿಲ್ಲ. ನನಗೂ ನಗು ಬಂದಿತ್ತು.

ಶುರುವಿನಲ್ಲಿ ಆಕಾಶ ಇರಲಿಲ್ಲ, ಬಸ್ಸಿತ್ತು.
ಹಳೇ ಬಸ್‌ಸ್ಟ್ಯಾಂಡಿನಲ್ಲಿ ಮೂರೂವರೆಯ ಕೆಂಪು ಬಸ್ಸು,
ಡ್ರೈವರ್ ಕೈಗೆ ಕ್ಯಾಸೆಟ್ಟು, ಜೊತೆಗೆ ಇಪ್ಪತ್ತು ರೂಪಾಯಿ:
'ಮೆಜೆಸ್ಟಿಕ್ಕಿಗೆ ಹುಡುಗ ಬರ್ತಾನಣ್ಣ, ಬಿಸಿಲಿಗಿಡಬೇಡಿ.'
ಆಲೂಗಡ್ಡೆ ರೇಟು ಬಿದ್ದ ಸುದ್ದಿ
ಕುಣಿಗಲ್ಲಿನ ಹತ್ತಿರ ಟೈರು ಪಂಕ್ಚರಾಗಿ ಕೂತು
ಮಾರನೇ ದಿನ ಪರದೆಗೆ ಬರುವಾಗ
ರೇಟು ಏರಿತ್ತು.
ಸಂತೆಪೇಟೆಯಲ್ಲಿ ಒಂದು ವಾರ ತಲೆ ಎತ್ತಲಿಲ್ಲ.
ಬಂದ ಸ್ಟೋರಿಗೆ ಇನ್ನೂರೈವತ್ತು, ಬಾರದ್ದಕ್ಕೆ ಏನೂ ಇಲ್ಲ.
ಮದುವೆ ವಿಡಿಯೋ ಇಲಿಯಾಸನ ಅನ್ನ,
ನನ್ನದು ಟ್ಯೂಷನ್ನು. ಏಳನೇ ಕ್ಲಾಸಿಗೆ ಗಣಿತ.

ಹಾಗಾಗಿ ಲೆಕ್ಕದ ಚಟ ಬಿಟ್ಟಿಲ್ಲ.
ಮೊನ್ನೆ ಕರೆಂಟು ಹೋದಾಗ ಕೂತು ಹಾಕಿದೆ:
ಹದಿನೆಂಟು ವರ್ಷದ ಲೈವು,
ವರ್ಷಕ್ಕೆ ನೂರಿಪ್ಪತ್ತು,
ಒಂದೊಂದರಲ್ಲಿ ಹತ್ತು ಪ್ರಶ್ನೆ,
ಪ್ರಶ್ನೆಗೆ ಎರಡು ಸೆಕೆಂಡು.
ಹನ್ನೆರಡು ಗಂಟೆ. ಶೇಷ ಸೊನ್ನೆ.
(ಇಷ್ಟು ಸಲೀಸಾಗಿ ಬಂದ ಉತ್ತರವನ್ನು ನಂಬಬೇಡಿ
ಎಂದು ಮಕ್ಕಳಿಗೆ ನಾನೇ ಹೇಳಿಕೊಡುತ್ತಿದ್ದೆ.)
ಅಂದರೆ ಒಂದಿಡೀ ಹಗಲು
ನಾನು ನಾಡಿನೆದುರು ನಿಂತು
ಏನೂ ಹೇಳಿಲ್ಲ.

ಆ ಹಗಲಿನ ಬೆಳಗು ಆಲೂರು ಕಡೆಯದು.
ಕಾಫಿ ಲೈನಿನ ದಾರಿಯಲ್ಲಿ ಆನೆ ತುಳಿದ ಗಂಡಸು
ಕಂಬಳಿಯ ಕೆಳಗೆ. ಫಾರೆಸ್ಟಿನವರು ಇನ್ನೂ ಬಂದಿಲ್ಲ.
ಪಕ್ಕದಲ್ಲಿ ಅವನ ಹೆಂಡತಿ, ಅವಳ ಪಕ್ಕದಲ್ಲಿ ನನ್ನ ಮೈಕು.
ಕೇಳಬೇಕಾದ್ದು ನನಗೆ ಗೊತ್ತು, ನಿಮಗೂ ಗೊತ್ತು,
ಏನನ್ನಿಸ್ತಿದೆ ಅಂತ.
ಮೇಲಿನಿಂದ ಪ್ರಶ್ನೆ ಇನ್ನೂ ಇಳಿಯುತ್ತಿತ್ತು.
ಅವಳು ಬಗ್ಗಿ
ನನ್ನ ಚೂಡಿದಾರದ ಅಂಚಿಗೆ ಹತ್ತಿದ್ದ ಉತ್ತರಾಣಿ ಮುಳ್ಳನ್ನು
ಒಂದು, ಎರಡು, ಮೂರು,
ಬಿಡಿಸಿ ಹಾಕಿದಳು.
ಆ ಬೆರಳು ಫ್ರೇಮಿನಲ್ಲಿ ಇರಲಿಲ್ಲ.

ಮಧ್ಯಾಹ್ನ ಗೊರೂರು. ಗೇಟು ತೆಗೆದಿದ್ದಾರೆ,
ನಾನು ಕ್ಯೂಸೆಕ್ಸಿನ ಅಂಕಿ ನಾಲಿಗೆಯ ಮೇಲಿಟ್ಟುಕೊಂಡು ಕಾದಿದ್ದೇನೆ.
ಹಿಂದೆ ಯಾರೋ ಅಪ್ಪ ಮಗಳಿಗೆ ಕೂಗಿ ಹೇಳುತ್ತಿದ್ದಾನೆ,
ನೀರಿನ ಸದ್ದಿಗೆ ಮಾತು ಮುಳುಗಿ
ಬಾಯಿ ಮಾತ್ರ ಆಡುತ್ತಿದೆ. ಮಗಳು ಹೂಂ ಅನ್ನುತ್ತಿದ್ದಾಳೆ.

ಸಂಜೆ, ಎಣಿಕೆ ಕೇಂದ್ರ.
ಗೆದ್ದವರ ಪಟಾಕಿ ಎದುರಿಗೆ. ಕ್ಯಾಮೆರಾ ಅತ್ತ.
ಇತ್ತ ಸೋತವರ ಏಜೆಂಟು, ಎದೆಗೆ ಇನ್ನೂ ಬಿಲ್ಲೆ,
ಗೇಟಿನ ಬಳಿ ಕುಕ್ಕರಗಾಲಲ್ಲಿ ಕೂತು
ಬೆಳಗಿನ ಚಿತ್ರಾನ್ನದ ಪೊಟ್ಟಣ ಬಿಚ್ಚಿದ.
ಮೂಸಿ ನೋಡಿದ. ತಿಂದ.

ಇವು ಯಾವುವೂ ಸುದ್ದಿಯಲ್ಲ, ಒಪ್ಪುತ್ತೇನೆ.
ನಾನೂ ಕಳಿಸುತ್ತಿರಲಿಲ್ಲ.
ಮೂರು ಚಾನೆಲ್ಲಿನ ಲೋಗೋ ಬೀರುವಿನಲ್ಲಿವೆ,
ಒಂದರೊಳಗೆ ಇಲಿಯಾಸನ ಮಗಳು
ಬಳಪ ಹಾಕಿಟ್ಟಿದ್ದಾಳೆ.

ನಿನ್ನೆ ಡೆಸ್ಕಿನಿಂದ ಹುಡುಗ ಫೋನು ಮಾಡಿದ,
ಒಳ್ಳೆಯವನು, ಅವನ ಮುಖ ನೋಡಿಲ್ಲ:
'ಹೊಸ ಬ್ಯಾಗ್ ಕಳಿಸ್ತಿದೀವಿ ಮೇಡಂ, ಸೂಪರ್ ಇದೆ.
ಇನ್ಮೇಲೆ ಕೇಳಿದ ತಕ್ಷಣ ನೀವು ಮಾತಾಡಬಹುದು.
ಗ್ಯಾಪೇ ಇರಲ್ಲ.'

ಒಳ್ಳೇದಾಯ್ತಪ್ಪ
ಅನ್ನುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಅಷ್ಟರಲ್ಲಿ ಅವನೇ, 'ಹಲೋ? ಹಲೋ?
ನೆಟ್‌ವರ್ಕ್ ಇಲ್ವಾ ಮೇಡಂ ನಿಮ್ಮ ಕಡೆ?'